ಕಾಗದದ ಬಾಕ್ಸರ್‌ಗೆ ನಿಜವಾದ ತಿಥಿ

ಡ್ರ್ಯಾಗನ್ ಬಾಲ್‌ನಲ್ಲಿ ಕ್ರಿಲಿನ್ ಮೊದಲ ಸಲ ಸತ್ತಾಗ ನೀವು ಅತ್ತಿರಬಹುದು. ಆಮೇಲೆ ಅಭ್ಯಾಸ ಆಗ್ಬಿಡುತ್ತೆ. ಏಳು ಚೆಂಡು ಕೂಡಿಸಿದ್ರೆ ಸತ್ತವರು ಎದ್ದು ಬರ್ತಾರಲ್ಲ!

ಅದಕ್ಕಿಂತ ಹಿಂದಿನ ಒಂದು ಸಾವಿನ ಕಥೆ ಕೇಳಿ. 1970ರ ಮಾರ್ಚ್ 24. ಟೋಕಿಯೋದಲ್ಲಿ ಕೋದನ್ಶಾ ಪ್ರಕಾಶನದ ಸಭಾಂಗಣ. ಬಾಕ್ಸಿಂಗ್ ರಿಂಗ್ ಹಾಕಿದ್ದಾರೆ, ಬೌದ್ಧ ಭಿಕ್ಷು ಮಂತ್ರ ಹೇಳ್ತಿದ್ದಾರೆ, ಸುಮಾರು 700 ಜನ ಸೇರಿದ್ದಾರೆ. ತೀರಿಕೊಂಡವನು ತೋರು ರಿಕೀಶಿ, 'ಅಶಿತಾ ನೋ ಜೋ' ಮಾಂಗಾದ ಒಂದು ಪಾತ್ರ! ಇದನ್ನೆಲ್ಲ ಮುಂದೆ ನಿಂತು ಮಾಡಿಸಿದವರು ಕವಿ, ನಾಟಕಕಾರ ಶುಜಿ ತೆರಾಯಾಮಾ.

ರಿಕೀಶಿ ಸತ್ತಿದ್ದರ ಹಿಂದೆ ಚಿತ್ರಕಾರರ ಒಂದು ಎಡವಟ್ಟಿದೆ. ತೆತ್ಸುಯಾ ಚಿಬಾ ಅವನನ್ನು ನಾಯಕ ಜೋಗಿಂತ ತುಂಬಾ ಎತ್ತರಕ್ಕೆ ಬರೆದುಬಿಟ್ಟಿದ್ದರು. ಬಾಕ್ಸಿಂಗ್‌ನಲ್ಲಿ ತೂಕ ಹೊಂದದೆ ಇಬ್ಬರೂ ಎದುರಾಗುವಂತಿಲ್ಲ. ಹಾಗಾಗಿ ರಿಕೀಶಿ ಅನ್ನ ಬಿಟ್ಟ, ನೀರನ್ನೂ ಬಿಟ್ಟ, ಎಲುಬಿನ ಹಂದರವಾದ. ಪಂದ್ಯ ಗೆದ್ದ, ಜೋಗೆ ಕೈ ಚಾಚಿದ, ಅಲ್ಲೇ ಕುಸಿದ.

ನನಗೆ ಆ ತಿಥಿಗಿಂತ ದೊಡ್ಡದು ಅನ್ನಿಸೋದು ಆಮೇಲಿನ ಕಥೆ. ರಿಕೀಶಿಯ ಕಣತಲೆಗೆ ಬಿದ್ದ ಗುದ್ದು ಜೋನದ್ದೇ. ಅಲ್ಲಿಂದಾಚೆ ಎದುರಾಳಿಯ ಮುಖಕ್ಕೆ ಹೊಡೆಯೋಕೆ ಅವನ ಕೈ ಏಳೋದೇ ಇಲ್ಲ. ಕಥೆ ಬಹಳ ಕಾಲ ಅವನನ್ನು ಹಾಗೇ ಒದ್ದಾಡಿಸುತ್ತೆ.

ಇನ್ನೊಂದು ವಿಚಿತ್ರ ನೋಡಿ. ಅನಿಮೆ ಟೀವಿಗೆ ಬಂದದ್ದು ಏಪ್ರಿಲ್ 1ಕ್ಕೆ, ಅಂದ್ರೆ ತಿಥಿ ಆಗಿ ಒಂದು ವಾರಕ್ಕೆ. ಮಾಂಗಾ ಓದಿದ್ದ ಮಕ್ಕಳು ಸತ್ತವನೇ ನಗ್ತಾ, ಗುದ್ದಾಡ್ತಾ ಇರೋದನ್ನ ತಿಂಗಳುಗಟ್ಟಲೆ ನೋಡಿದರು, ಆ ಪಂದ್ಯ ಬರೋವರೆಗೂ.