ತಂತ್ರಾಂಶ ಪರವಾನಗಿ ಮತ್ತು ಸಾಮಾಜಿಕ ನ್ಯಾಯ: ಕರ್ನಾಟಕದಲ್ಲಿ

ತಂತ್ರಾಂಶವೊಂದನ್ನು ಯಾರು, ಯಾವ ಷರತ್ತಿನ ಮೇಲೆ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಅದರ ಹಕ್ಕುದಾರರು ಬರೆದುಕೊಡುವ ಕಾನೂನುಪತ್ರವೇ ಪರವಾನಗಿ. ಈ ಪತ್ರದ ಮೂಲಕ ಬಡವರಿಗೆ, ದುಡಿಯುವವರಿಗೆ, ಮಾರುಕಟ್ಟೆ ಕಡೆಗಣಿಸಿದ ಭಾಷೆಗಳವರಿಗೆ ನ್ಯಾಯ ದೊರಕಿಸಬಹುದೇ ಎಂಬ ಚರ್ಚೆ 1980ರ ದಶಕದಿಂದ ನಡೆದುಬಂದಿದೆ. ಹೊರದೇಶಗಳಲ್ಲಿ ‘ನೈತಿಕ ಪರವಾನಗಿ’ ಎಂದರೆ ಮುಖ್ಯವಾಗಿ ತಂತ್ರಾಂಶವನ್ನು ಕೆಡುಕಿಗೆ ಬಳಸದಂತೆ ತಡೆಯುವ ಪತ್ರ. ಕರ್ನಾಟಕದ ಪ್ರಯೋಗಗಳ ಗಮನ ಬೇರೆ ಕಡೆ ಇತ್ತು. ಯಾರಿಂದ ಎಷ್ಟು ಶುಲ್ಕ ಪಡೆಯಬೇಕು, ಯಾರ ಕೈಗೆ ಯಂತ್ರ ತಲುಪಬೇಕು, ಗಳಿಕೆಯಲ್ಲಿ ಯಾರಿಗೆ ಪಾಲು ಸಲ್ಲಬೇಕು ಎಂಬುವೇ ಇಲ್ಲಿನ ಪ್ರಶ್ನೆಗಳಾದವು.

ಹಿನ್ನೆಲೆ

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. 1989ರಲ್ಲಿ ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್, ಹೊರಬಂದಿತು. ಅದರ ಎರಡನೆಯ ಆವೃತ್ತಿ 1991ರದು, ಮೂರನೆಯದು 2007ರದು. ಯಾವುದೇ ಉದ್ದೇಶಕ್ಕೆ ಬಳಸುವ, ಒಳಗಿನ ಕೋಡ್ ಓದಿ ತಿದ್ದುವ, ಪ್ರತಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳನ್ನು ಅದು ಕೊಡುತ್ತದೆ. ಹೀಗೆ ಪಡೆದು ತಿದ್ದಿದ್ದನ್ನು ಹಂಚುವವರು ಅದೇ ಸ್ವಾತಂತ್ರ್ಯಗಳನ್ನು ಮುಂದಿನವರಿಗೂ ಬಿಟ್ಟುಕೊಡಬೇಕು. ಈ ಕಟ್ಟಳೆಗೆ ಕಾಪಿಲೆಫ್ಟ್ ಎಂದು ಹೆಸರು.

ಎಲ್ಲರಿಗೂ ತೆರೆದದ್ದು ಎಂದಮಾತ್ರಕ್ಕೆ ಕಟ್ಟಳೆ ಇಲ್ಲದ್ದು ಎಂದಲ್ಲ. ಕರ್ನಾಟಕದ ಕುಮಟಾ ತಾಲ್ಲೂಕಿನಲ್ಲೇ ಇದಕ್ಕೆ ಹಳೆಯ ನಿದರ್ಶನವಿದೆ. ಹಳಕಾರ, ಚಿತ್ರಗಿ, ಕಲ್ಲಬ್ಬೆ–ಮೂರೂರುಗಳಲ್ಲಿ ಬ್ರಿಟಿಷರ ಕಾಲದಲ್ಲೇ ಗ್ರಾಮ ಅರಣ್ಯ ಪಂಚಾಯಿತಿಗಳು ಏರ್ಪಟ್ಟಿದ್ದವು. ಕಾಡು ಊರಿಗೆಲ್ಲ ಸೇರಿದ್ದರೂ ಸೌದೆ–ಸೊಪ್ಪನ್ನು ಯಾರು ಎಷ್ಟು ತರಬಹುದು ಎಂಬುದಕ್ಕೆ ಊರಿನದೇ ನಿಯಮವಿತ್ತು, ಕಾವಲೂ ಇತ್ತು. ಕಾಪಿಲೆಫ್ಟ್ ತಂತ್ರಾಂಶಕ್ಕೆ ಹಾಕಿದ ಕಟ್ಟಳೆ ಇದೇ ಜಾತಿಯದು. ಒಂದು ವ್ಯತ್ಯಾಸವೆಂದರೆ ಸೊಪ್ಪು ತೆಗೆದಷ್ಟೂ ಕಡಿಮೆಯಾಗುತ್ತದೆ, ತಂತ್ರಾಂಶ ಕಡಿಮೆಯಾಗುವುದಿಲ್ಲ. ಆದ್ದರಿಂದ ಇಲ್ಲಿ ಕಾವಲು ಬೇಕಾದದ್ದು ಹೆಚ್ಚು ತೆಗೆಯುವವರ ಮೇಲಲ್ಲ, ತೆಗೆದುಕೊಂಡು ಬೇಲಿ ಹಾಕುವವರ ಮೇಲೆ.

ಕನ್ನಡ ತಂತ್ರಾಂಶಗಳು: ಉಚಿತ ಮತ್ತು ಮುಕ್ತ

ಕನ್ನಡ ಗಣಕೀಕರಣದ ಮೊದಲ ದಶಕಗಳಲ್ಲಿ ಉದಾರತೆ ಇತ್ತು, ಪರವಾನಗಿಯ ಪರಿಭಾಷೆ ಇರಲಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ (ಕೆ.ಪಿ. ರಾವ್) ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಅವರು ಶುಲ್ಕ ಕೇಳದೆ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ರಾಜ್ಯ ಸರ್ಕಾರದ ಅಧಿಕೃತ ವಿನ್ಯಾಸಕ್ಕೂ ಅದೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಉಚಿತವಾಗಿ ಕೊಟ್ಟಾಗ ಸಾವಿರಾರು ಮನೆಗಳ ಕಂಪ್ಯೂಟರಿನಲ್ಲಿ ಮೊದಲ ಸಲ ಕನ್ನಡ ಮೂಡಿತು. ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ಕಚೇರಿಗಳಿಗೆ ತಲುಪಿತು.

ಇವೆರಡೂ ಉಚಿತವಾಗಿದ್ದವು, ಆದರೆ ಜಿಪಿಎಲ್ ಹೇಳುವ ಅರ್ಥದಲ್ಲಿ ಮುಕ್ತವಾಗಿರಲಿಲ್ಲ. ಒಳಗಿನ ಕೋಡನ್ನು ತೆರೆದು, ತಿದ್ದಿ, ಹಂಚುವ ಹಕ್ಕು ಬಳಕೆದಾರರಿಗೆ ಸಿಕ್ಕಿರಲಿಲ್ಲ. ಯುನಿಕೋಡ್‌ಗೆ ಬದಲಾಗುವ ಕಾಲ ಬಂದಾಗ ಹಳೆಯ ಫಾಂಟ್ ಸಂಕೇತಗಳಲ್ಲಿದ್ದ ಅಪಾರ ಬರಹವನ್ನು ಪರಿವರ್ತಿಸುವ ಕೆಲಸ ಎದುರಾಯಿತು. ಬೆಲೆ ಇಲ್ಲದಿರುವುದು ಬೇರೆ, ಹಕ್ಕು ಇರುವುದು ಬೇರೆ ಎಂಬುದು ಕನ್ನಡಿಗರಿಗೆ ಅನುಭವದಿಂದ ಸ್ಪಷ್ಟವಾದದ್ದು ಆಗ. ಮುಂದೆ ಗುಬ್ಬಿ, ನವಿಲು ಮೊದಲಾದ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯಲ್ಲೇ ಹೊರಬಂದು ಲಿನಕ್ಸ್ ವಿತರಣೆಗಳ ಭಾಗವಾದವು.

ಸಿಂಪ್ಯೂಟರ್ ಪರವಾನಗಿ

ಪರವಾನಗಿಯ ಒಕ್ಕಣೆಯಲ್ಲೇ ಸಾಮಾಜಿಕ ನ್ಯಾಯವನ್ನು ಬರೆಯಲು ನಡೆದ ಮುಖ್ಯ ಪ್ರಯತ್ನ ಸಿಂಪ್ಯೂಟರ್‌ನದು. 1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ‘ಗ್ಲೋಬಲ್ ವಿಲೇಜ್’ ವಿಚಾರಸಂಕಿರಣ ನಡೆಯಿತು. ಬಡದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ತಲುಪಬೇಕೆಂಬ ಅಲ್ಲಿನ ಚರ್ಚೆಯಿಂದ ಈ ಅಂಗೈ ಕಂಪ್ಯೂಟರಿನ ಕಲ್ಪನೆ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು 1999ರಲ್ಲಿ ಲಾಭರಹಿತ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. 2001ರ ಏಪ್ರಿಲ್‌ನಲ್ಲಿ ಮಾದರಿಯನ್ನು ಜನರ ಮುಂದಿಟ್ಟರು. ಬೆಲೆ ಸುಮಾರು 9,000 ರೂಪಾಯಿ ಆಗಬೇಕೆಂಬುದು ಗುರಿ.

ಯಂತ್ರ ಲಿನಕ್ಸ್ ಮೇಲೆ ಓಡುತ್ತಿತ್ತು. ಓದು ಬಾರದವರೂ ಬಳಸಲೆಂದು ಬರೆದದ್ದನ್ನು ಓದಿ ಹೇಳುವ ವ್ಯವಸ್ಥೆಯನ್ನು ಭಾರತೀಯ ಭಾಷೆಗಳಿಗೆ ಸಿದ್ಧಪಡಿಸಲಾಯಿತು. ಅದರಿಂದ ಹುಟ್ಟಿದ ‘ಧ್ವನಿ’ ತಂತ್ರಾಂಶ ಮುಂದೆ ಮುಕ್ತ ಯೋಜನೆಯಾಗಿ ಬೆಳೆಯಿತು. ಸ್ಮಾರ್ಟ್‌ಕಾರ್ಡ್ ಹಾಕುವ ಕಿಂಡಿಯೂ ಇತ್ತು. ಪ್ರತಿಯೊಬ್ಬರೂ ಯಂತ್ರ ಕೊಳ್ಳಬೇಕಿಲ್ಲ, ಊರಿಗೊಂದು ಯಂತ್ರವಿದ್ದು ಒಬ್ಬೊಬ್ಬರ ಬಳಿ ಒಂದೊಂದು ಕಾರ್ಡ್ ಇದ್ದರೆ ಸಾಕು ಎಂಬುದು ಇದರ ಹಿಂದಿನ ಲೆಕ್ಕ.

ಯಂತ್ರದ ವಿನ್ಯಾಸಕ್ಕೆಂದೇ ಟ್ರಸ್ಟ್ ‘ಸಿಂಪ್ಯೂಟರ್ ಜನರಲ್ ಪಬ್ಲಿಕ್ ಲೈಸೆನ್ಸ್’ ಎಂಬ ಪ್ರತ್ಯೇಕ ಪತ್ರ ಬರೆಸಿತು. ತಂತ್ರಾಂಶಕ್ಕಾಗಿ ಹುಟ್ಟಿದ ಜಿಪಿಎಲ್ ತತ್ತ್ವವನ್ನು ಯಂತ್ರಾಂಶಕ್ಕೆ ಒಯ್ದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ವಿನ್ಯಾಸವನ್ನು ಯಾರಾದರೂ ಪಡೆದು ಅಭ್ಯಾಸ ಮಾಡಬಹುದಿತ್ತು. ತಯಾರಿಸಿ ಮಾರುವವರು ಟ್ರಸ್ಟಿಗೆ ಶುಲ್ಕ ಕಟ್ಟಬೇಕಿತ್ತು, ಮತ್ತು ಅಭಿವೃದ್ಧಿಶೀಲ ದೇಶದ ಕಂಪನಿಗೆ ನಿಗದಿಯಾದದ್ದು ಶ್ರೀಮಂತ ದೇಶದ ಕಂಪನಿಗಿಂತ ತೀರ ಕಡಿಮೆ. ಯಾರಾದರೂ ವಿನ್ಯಾಸವನ್ನು ಸುಧಾರಿಸಿದರೆ ಕೆಲಕಾಲ ಅದರ ಲಾಭವನ್ನು ಒಬ್ಬರೇ ಪಡೆದು, ಅವಧಿ ಮುಗಿದ ಮೇಲೆ ಆ ಸುಧಾರಣೆಯನ್ನು ಟ್ರಸ್ಟಿಗೆ ಒಪ್ಪಿಸಬೇಕಿತ್ತು. ವ್ಯಾಪಾರಿಯ ಆಸೆಯನ್ನು ಒಪ್ಪಿಕೊಂಡು ಅದಕ್ಕೆ ಗಡುವು ಹಾಕಿದ್ದು ಈ ಪತ್ರದ ವೈಶಿಷ್ಟ್ಯ.

ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕಟ್ಟಿದ ಪಿಕೊಪೆಟಾ ಕಂಪನಿ, ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ, 2004ರಲ್ಲಿ ‘ಅಮಿಡ’ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮಾರಾಟವಾದದ್ದು ಕೆಲವೇ ಸಾವಿರ. ದೊಡ್ಡ ಪ್ರಮಾಣದ ಉತ್ಪಾದನೆ ಇಲ್ಲದೆ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದೆ ಬೇಡಿಕೆ ಬರಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನ್ ಹಳ್ಳಿ ಸೇರಿತು. ಯಂತ್ರ ಸೋತರೂ, ಬಡದೇಶ ಮತ್ತು ಶ್ರೀಮಂತ ದೇಶಗಳಿಗೆ ಬೇರೆ ಬೇರೆ ದರ ಬರೆದ ಪತ್ರ ಪರವಾನಗಿಗಳ ಚರಿತ್ರೆಯಲ್ಲಿ ಉಳಿಯಿತು.

ಚಳವಳಿ ಮತ್ತು ಕಲಿಕೆ

2001ರಿಂದ ನಡೆದ ‘ಲಿನಕ್ಸ್ ಬೆಂಗಳೂರು’ ಸಮಾವೇಶ ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆಯಿತು. ಅದು ಮುಖ್ಯವಾಗಿ ಪ್ರೋಗ್ರಾಂ ಬರೆಯುವವರ ವೇದಿಕೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ (ಎಫ್‌ಎಸ್‌ಎಂಕೆ) ಇದೇ ವಿಷಯವನ್ನು ಇಂಜಿನಿಯರಿಂಗ್ ಕಾಲೇಜುಗಳಿಗೂ ಕೊಳೆಗೇರಿಗಳಿಗೂ ಒಯ್ದಿತು. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅದರ ಕಾರ್ಯಕರ್ತರು ‘ಅಂಬೇಡ್ಕರ್ ಕಮ್ಯೂನಿಟಿ ಕಂಪ್ಯೂಟಿಂಗ್ ಸೆಂಟರ್’ ನಡೆಸಿದರು. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಕಂಪ್ಯೂಟರ್ ಕಲಿತರು, ಗಿಂಪ್ ತಂತ್ರಾಂಶದಲ್ಲಿ ಚಿತ್ರ ಬರೆದರು. ಪರವಾನಗಿಗೆ ದುಡ್ಡು ಬೇಡವಾದ್ದರಿಂದ ಕೇಂದ್ರಕ್ಕೆ ಬೇಕಾದದ್ದು ಕಂಪ್ಯೂಟರ್, ಜಾಗ ಮತ್ತು ಕಲಿಸುವವರ ಸಮಯ ಮಾತ್ರ.

ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶದಲ್ಲಿ ತರಬೇತಿ ಕೊಟ್ಟಿತು. ಶಿಕ್ಷಕರೇ ಬರೆದ ಕನ್ನಡ ಪಾಠಸಾಮಗ್ರಿಯನ್ನು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಪರವಾನಗಿಯ ಕಾನೂನು ಹಾಗೂ ನೀತಿಯ ಚರ್ಚೆಗೆ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ (2000) ಮತ್ತು ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ (2008) ನೆಲೆ ಒದಗಿಸಿದವು.

ಮುಕ್ತ ಪರವಾನಗಿ ಪುಸ್ತಕಗಳಿಗೂ ಹಬ್ಬಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ 2009ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಈ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಸಾಹಿತಿ ನಿರಂಜನರ ಕೃತಿಗಳನ್ನೂ ಅವರ ಕುಟುಂಬ ಹೀಗೆಯೇ ಬಿಟ್ಟುಕೊಟ್ಟಿತು. ಕಾಸರಗೋಡು ಸೀಮೆಯ ಕಯ್ಯೂರು ರೈತ ಹೋರಾಟವನ್ನು ಕುರಿತ ‘ಚಿರಸ್ಮರಣೆ’ ಬರೆದ ಲೇಖಕರು ಅವರು.

‘ಕೆಡುಕಿಗೆ ಬಳಸಬಾರದು’: ನೈತಿಕ ಪರವಾನಗಿಯ ವಿವಾದ

ಓಪನ್ ಸೋರ್ಸ್ ಇನಿಷಿಯೇಟಿವ್ 1998ರಲ್ಲಿ ಅಂಗೀಕರಿಸಿದ ವ್ಯಾಖ್ಯೆ ವ್ಯಕ್ತಿಗಳ ನಡುವೆಯಾಗಲಿ, ಬಳಕೆಯ ಕ್ಷೇತ್ರಗಳ ನಡುವೆಯಾಗಲಿ ಭೇದ ಮಾಡಕೂಡದೆನ್ನುತ್ತದೆ. ಇದರಂತೆ ಆಸ್ಪತ್ರೆಗೂ ಆಯುಧ ಕಾರ್ಖಾನೆಗೂ ಸಮಾನ ಹಕ್ಕು. 2019ರಲ್ಲಿ ಇದಕ್ಕೆ ಎರಡು ಕಡೆಯಿಂದ ಸವಾಲು ಬಂದಿತು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ವಾರಕ್ಕೆ ಆರು ದಿನ ದುಡಿಸುವ ಪದ್ಧತಿಯ ವಿರುದ್ಧ ಚೀನಾದ ತಂತ್ರಜ್ಞರು ದನಿಯೆತ್ತಿದಾಗ, ಕಾರ್ಮಿಕ ಕಾನೂನು ಪಾಲಿಸದ ಕಂಪನಿಗೆ ತಂತ್ರಾಂಶ ಬಳಸುವ ಹಕ್ಕಿಲ್ಲ ಎನ್ನುವ ‘ಆಂಟಿ–996’ ಪರವಾನಗಿ ಹುಟ್ಟಿತು. ಅಮೆರಿಕದ ಕೊರಲೈನ್ ಅಡಾ ಎಮ್ಕೆ ಮಾನವ ಹಕ್ಕುಗಳ ಉಲ್ಲಂಘನೆಗೆ ಬಳಸುವುದನ್ನು ನಿಷೇಧಿಸುವ ‘ಹಿಪೊಕ್ರಾಟಿಕ್ ಲೈಸೆನ್ಸ್’ ಬರೆದರು. ಉಲ್ಲಂಘನೆ ಆಯಿತೆಂದು ತೀರ್ಮಾನಿಸುವವರು ಯಾರು, ಸಣ್ಣ ಲೇಖಕ ದೊಡ್ಡ ಕಂಪನಿಯನ್ನು ಯಾವ ನ್ಯಾಯಾಲಯಕ್ಕೆ ಎಳೆಯಬೇಕು ಎಂಬುದು ವಿಮರ್ಶಕರ ಆಕ್ಷೇಪ.

ಈ ಬಗೆಯ ಷರತ್ತು ಕನ್ನಡವನ್ನೂ ಮುಟ್ಟಿದೆ. 2022ರಲ್ಲಿ ಬಿಡುಗಡೆಯಾದ ‘ಬ್ಲೂಮ್’ ಎಂಬ ಭಾಷಾ ಮಾದರಿಗೆ ತರಬೇತಿ ಕೊಟ್ಟ 46 ಭಾಷೆಗಳಲ್ಲಿ ಕನ್ನಡವೂ ಇದೆ. ಹಾನಿಕರ ಬಳಕೆಗಳನ್ನು ಪಟ್ಟಿಮಾಡಿ ನಿರ್ಬಂಧಿಸುವ ‘ರೈಲ್’ ಪರವಾನಗಿ ಅದಕ್ಕಿದೆ.

ದತ್ತಾಂಶ ಮತ್ತು ದುಡಿಮೆ

ಕೃತಕ ಬುದ್ಧಿಮತ್ತೆ ಬಂದ ಮೇಲೆ ಪ್ರಶ್ನೆ ಕೋಡಿನಿಂದ ದತ್ತಾಂಶಕ್ಕೆ ಸರಿದಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಯೋಜನೆಯಿಂದ ಬೆಳೆದು 2021ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಸಂಸ್ಥೆಯಾದ ‘ಕಾರ್ಯ’, ಕರ್ನಾಟಕದ ಹಳ್ಳಿಗಳ ಜನರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿ ಸಂಗ್ರಹಿಸುತ್ತದೆ. ಗಂಟೆಗೆ ಕನಿಷ್ಠ 5 ಡಾಲರ್ ಕೂಲಿ, ಆ ಧ್ವನಿ ಮತ್ತೆ ಮಾರಾಟವಾದಾಗ ಓದಿದವರಿಗೂ ಪಾಲು ಎಂಬುದು ಅದರ ಘೋಷಿತ ನಿಯಮ.

ಮೌಲ್ಯಮಾಪನ

ಎರಡೂವರೆ ದಶಕದ ಈ ಪ್ರಯೋಗಗಳಲ್ಲಿ ಹೆಚ್ಚು ಬಾಳಿದವು ಪತ್ರದ ಹಿಂದೆ ನಿತ್ಯದ ಕೆಲಸಕ್ಕೆ ಜನರಿದ್ದಂಥವು. ಮುಕ್ತ ಪಾಠಸಾಮಗ್ರಿಗೆ ಶಿಕ್ಷಕರ ಬಳಗವಿತ್ತು, ವಿಕಿಪೀಡಿಯಕ್ಕೆ ಸಂಪಾದಕರಿದ್ದರು. ಸಿಂಪ್ಯೂಟರಿಗೆ ಒಳ್ಳೆಯ ಒಕ್ಕಣೆಯಿತ್ತು, ಕೊಳ್ಳುವವರಿರಲಿಲ್ಲ. ಪರವಾನಗಿ ಹಕ್ಕನ್ನು ಬರೆದುಕೊಡಬಲ್ಲದು. ಆ ಹಕ್ಕನ್ನು ಚಲಾಯಿಸಲು ಬೇಕಾದ ಯಂತ್ರ, ವಿದ್ಯುತ್ತು, ಓದು ಮತ್ತು ಬಿಡುವನ್ನು ಬೇರೆಯವರು ಒದಗಿಸಬೇಕು.