ಎಣಿಕೆ ತಪ್ಪಿಸಿದ ಸಂಗೀತ

ಲೆಕ್ಕಪರಿಶೋಧಕನಿಗೆ ಮೊತ್ತ ಸರಿಹೊಂದಿದರೆ ನೆಮ್ಮದಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಮಡಿದವರು 2,753 ಮಂದಿ. ನಾನು ಅಮೆರಿಕಕ್ಕೆ ಬಂದ ಮೇಲೂ ನನಗದು ಬರೀ ಅಂಕಿಯಾಗಿತ್ತು, ಜಾನ್ ಆಡಮ್ಸ್ ಅವರ ‘ಆನ್ ದ ಟ್ರಾನ್ಸ್‌ಮೈಗ್ರೇಶನ್ ಆಫ್ ಸೋಲ್ಸ್’ ಕೇಳುವವರೆಗೆ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬರೆಸಿದ ಈ ಕೃತಿಯನ್ನು ಮೊದಲು ನುಡಿಸಿದ್ದು 2002ರ ಸೆಪ್ಟೆಂಬರ್ 19ರಂದು. ಮರುವರ್ಷ ಪುಲಿಟ್ಜರ್ ಬಂತು.

ಮೊದಲು ಕೇಳುವುದು ವಾದ್ಯವಲ್ಲ, ಬೀದಿಯ ಸದ್ದು. ಆಮೇಲೆ ಧ್ವನಿಮುದ್ರಿತ ದನಿಗಳು ಒಂದೊಂದಾಗಿ ಹೆಸರು ಓದುತ್ತವೆ. ದೊಡ್ಡವರ, ಮಕ್ಕಳ ವೃಂದಗಳು ಹಾಡುವುದು ಕಾವ್ಯವನ್ನಲ್ಲ. ಕಾಣೆಯಾದವರನ್ನು ಹುಡುಕುತ್ತ ಮನೆಯವರು ಗೋಡೆಗೆ ಅಂಟಿಸಿದ್ದ ಕಾಗದಗಳ ಮಾತನ್ನು, ಪತ್ರಿಕೆಯಲ್ಲಿ ಬಂದ ನೆನಪುಗಳನ್ನು. ಕವಿಯೊಬ್ಬರು ಬರೆದಿದ್ದರೆ ಇಷ್ಟು ತಟ್ಟುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ. ಮೊದಲ ಸಲ ಅಭ್ಯಾಸಬಲದಿಂದ ಹೆಸರುಗಳನ್ನು ಎಣಿಸತೊಡಗಿದ್ದೆ. ಹತ್ತು ದಾಟುವಷ್ಟರಲ್ಲಿ ಲೆಕ್ಕ ತಪ್ಪಿತು, ಮತ್ತೆ ಎಣಿಸಲಿಲ್ಲ.