ಎರೆನಾಡಿನಲ್ಲಿ ಶಿಲುಬೆಯ ಪ್ರಸಂಗ: ಬೆಟಗೇರಿ–ಗುಳೇದಗುಡ್ಡ ಸೀಮೆಯ ಲೆಂಟ್ ಮತ್ತು ಈಸ್ಟರ್ ಉಪದೇಶವನ್ನು ಕುರಿತು

ನರಗುಂದ ತಾಲೂಕಿನ ಶಿರೋಳವು ದಕ್ಷಿಣಕ್ಕೆ ಬೆಟಗೇರಿಯನ್ನೂ ಉತ್ತರಕ್ಕೆ ಗುಳೇದಗುಡ್ಡವನ್ನೂ ಇರಿಸಿಕೊಂಡು, ಆ ಎರಡರ ನಡುವೆ ಹಬ್ಬಿರುವ ಎರೆಬಯಲಿನಲ್ಲಿ ನೆಲೆಸಿದ ಗ್ರಾಮ. ತೋಂಟದಾರ್ಯ ಮಠದ ನೆರಳಿನಲ್ಲಿ ಬಾಳಿದ ಈ ಊರಿಗೂ ಜರ್ಮನ್ ದೇಶದ ಸುಧಾರಿತ ಕ್ರೈಸ್ತಮತಕ್ಕೂ ಮೇಲುನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ಮೊದಲ್ಗೊಂಡು ಬಾಸೆಲ್ ಮಿಷನ್ನಿನ ಎರಡು ಮುಖ್ಯ ಕೇಂದ್ರಗಳು ಈ ಬಯಲಿನ ಎರಡು ಅಂಚುಗಳಲ್ಲಿ ನಿಂತು, ನೇಕಾರರ ಕೇರಿಗಳಲ್ಲಿಯೂ ಸಂತೆ ಜಾತ್ರೆಗಳಲ್ಲಿಯೂ ಕ್ರಿಸ್ತನ ಬಾಧೆ, ಮರಣ, ಪುನರುತ್ಥಾನಗಳ ಕಥೆಯನ್ನು ಕನ್ನಡದಲ್ಲಿ ಸಾರುತ್ತ ಬಂದುವು. ಆ ಉಪದೇಶವು ಶಿರೋಳದಂತಹ ಊರಿನ ಶ್ರೋತೃವಿನ ಮನಸ್ಸಿನಲ್ಲಿ ಯಾವ ನಿರೀಕ್ಷೆಗಳನ್ನು ಎದುರಿಸಬೇಕಾಯಿತು, ಅದರಿಂದ ಲೂಥರನ ಸ್ವಂತ ಬೋಧನೆಯ ಯಾವ ಭಾಗವು ಉಳಿದು ಯಾವುದು ಮಸುಕಾಯಿತು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಮೊದಲು ಕಾಲಮಾನವನ್ನು ಗಮನಿಸತಕ್ಕುದು. ಈಸ್ಟರ್ ಹಬ್ಬವು ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಹುಣ್ಣಿಮೆಯ ಮುಂದಿನ ಭಾನುವಾರದಂದು ಒದಗುವುದಾದುದರಿಂದ, ಶುಭ ಶುಕ್ರವಾರವು ಕೆಲವು ವರ್ಷ ಕಾಮನ ಹುಣ್ಣಿಮೆಯ ಬೆನ್ನಿಗೂ ಉಳಿದ ವರ್ಷಗಳಲ್ಲಿ ದವನದ ಹುಣ್ಣಿಮೆಯ ಮಗ್ಗುಲಿಗೂ ಬಂದು ನಿಲ್ಲುತ್ತದೆ. ಅದಕ್ಕೆ ಮುಂಚಿನ, ಭಾನುವಾರಗಳನ್ನು ಬಿಟ್ಟು ಎಣಿಸುವ 40 ದಿನಗಳ ಲೆಂಟ್ ಕಾಲವು ಶಿವರಾತ್ರಿಯ ಆಸುಪಾಸಿನಲ್ಲಿ ತೊಡಗುತ್ತದೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಕಿತ್ತು, ತೆನೆ ಮುರಿದು, ಕಣದಲ್ಲಿ ರಾಶಿ ಮಾಡುವ ಸುಗ್ಗಿಯೂ ಇದೇ. ಎಂದರೆ, ಪಾಪದ ಅರಿವಿಗೂ ಪಶ್ಚಾತ್ತಾಪಕ್ಕೂ ಮೀಸಲಾದ ದಿನಗಳು ಈ ನಾಡಿನಲ್ಲಿ ಕೈತುಂಬ ಕೆಲಸವೂ ಕಣಜದ ತುಂಬ ಕಾಳೂ ಇರುವ ದಿನಗಳಾಗಿದ್ದುವು. ಉತ್ತರ ಯುರೋಪಿನಲ್ಲಿ ಚಳಿಗಾಲದ ದಾಸ್ತಾನು ಬರಿದಾಗುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಸಂಯಮದ ಕಾಲವು ಇಲ್ಲಿ ಸಮೃದ್ಧಿಯ ನಡುವೆ ಬಂದಿತು.

ಬಾಸೆಲ್ ಮಿಷನ್ನನ್ನು ಶುದ್ಧ ಲೂಥರನ್ ಸಂಸ್ಥೆಯೆಂದು ಕರೆಯುವುದು ಸರಿಯಲ್ಲ. 1815ರಲ್ಲಿ ಸ್ವಿಸ್ ನಗರವಾದ ಬಾಸೆಲಿನಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ರಿಫಾರ್ಮ್ಡ್ ಪಂಥದವರೂ ಇದ್ದರು. ಆದರೆ ಅದರ ಉಪದೇಶಕರಲ್ಲಿ ಬಹುಮಂದಿ ಲೂಥರನ್ ಸಭೆಯೇ ಪ್ರಧಾನವಾಗಿದ್ದ ವುರ್ಟೆಂಬರ್ಗ್ ಸೀಮೆಯಿಂದ, ಅಲ್ಲಿಯ ಭಕ್ತಿಪಂಥದ ಮನೆಗಳಿಂದ ಬಂದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರಲ್ಲಿ ಮುಖ್ಯನಾದ ಸಾಮ್ಯುಯೆಲ್ ಹೆಬಿಕ್ ಅಂತಹವನೇ. ಎರಡು ವರ್ಷಗಳ ತರುವಾಯ ಬಂದ ಹರ್ಮನ್ ಮೋಗ್ಲಿಂಗ್‌ನೂ ಅಂತಹವನೇ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಕೇಂದ್ರಗಳು ಎರೆನಾಡಿನೊಳಕ್ಕೆ ಸರಿದುವು.

ಇವರು ತಮ್ಮೊಡನೆ ತಂದ ಲೆಂಟ್ ಕಾಲದ ಉಪದೇಶಕ್ಕೆ ಎರಡು ಹಳೆಯ ಮಾದರಿಗಳಿದ್ದುವು. ಮೊದಲನೆಯದು 1519ರಲ್ಲಿ ಲೂಥರನು ಕ್ರಿಸ್ತನ ಬಾಧೆಯನ್ನು ಧ್ಯಾನಿಸುವ ವಿಧಾನವನ್ನು ಕುರಿತು ಬರೆದ ಪ್ರಸಂಗ. ಬಾಧೆಯ ಕಥೆಯನ್ನು ಕೇಳಿ ಯೂದನನ್ನೂ ಯೆಹೂದ್ಯರನ್ನೂ ಶಪಿಸುವವರು, ಶಿಲುಬೆಯ ಚಿತ್ರವನ್ನು ತಾಯಿತದಂತೆ ಧರಿಸುವವರು, ಕ್ರಿಸ್ತನಿಗಾಗಿ ಕನಿಕರಪಟ್ಟು ಅಳುವವರು, ಈ ಮೂರು ಬಗೆಯವರೂ ಕಥೆಯನ್ನು ಅರಿತವರಲ್ಲ. ಆ ಗಾಯಗಳನ್ನು ಮಾಡಿದವನು ತಾನೇ ಎಂದು ಕಂಡು ನಡುಗಿದವನು ಮಾತ್ರ ಅರಿತವನು. ಹಾಗೆ ನಡುಗಿದವನು ಆ ಭೀತಿಯಲ್ಲಿಯೇ ನಿಲ್ಲದೆ, ತನ್ನ ಪಾಪಭಾರವನ್ನು ಕ್ರಿಸ್ತನ ಮೇಲೆ ಹೊರಿಸಿ, ಪುನರುತ್ಥಾನದಲ್ಲಿ ಅದು ಅಳಿದುಹೋದುದನ್ನು ನಂಬಬೇಕು ಎಂಬುದು ಅದರ ಸಾರ. ಶುಕ್ರವಾರವನ್ನು ಭಾನುವಾರದಿಂದ ಬೇರ್ಪಡಿಸಿದರೆ ಹತಾಶೆ, ಭಾನುವಾರಕ್ಕೆ ನೇರವಾಗಿ ಹಾರಿದರೆ ಪೊಳ್ಳು ಸಂತೋಷ ಎಂಬ ಈ ಎಚ್ಚರವೇ ಲೂಥರನ್ ಉಪದೇಶದ ಬೆನ್ನೆಲುಬು. ಎರಡನೆಯದು 1522ರ ಮಾರ್ಚ್ 9ರಂದು, ಲೆಂಟ್ ಕಾಲದ ಮೊದಲನೆಯ ಭಾನುವಾರ, ವಿಟೆನ್‌ಬರ್ಗ್ ನಗರದಲ್ಲಿ ತೊಡಗಿ ಎಂಟು ದಿನ ನಡೆದ ಪ್ರಸಂಗಮಾಲೆ. ಮೂರ್ತಿಗಳನ್ನು ಒಡೆದು ಬಲಾತ್ಕಾರದಿಂದ ಸುಧಾರಣೆ ತರಹೊರಟವರನ್ನು ಅಲ್ಲಿ ಲೂಥರನು ತಡೆದು, ವಚನವೇ ಕಾರ್ಯಸಾಧಕ, ಬಲವಲ್ಲ ಎಂದು ಸಾಧಿಸಿದನು. ಅದೇ ವರ್ಷದ ಲೆಂಟ್ ಕಾಲದಲ್ಲಿ ಜೂರಿಚ್ ನಗರದ ಮುದ್ರಕನೊಬ್ಬನ ಮನೆಯಲ್ಲಿ ಕೆಲವರು ಬೇಕೆಂದೇ ಮಾಂಸದ ಸಾಸೇಜು ತಿಂದು ಉಪವಾಸದ ಕಟ್ಟಳೆಯನ್ನು ಮುರಿದರು. ಬಾಸೆಲ್ ಮಿಷನ್ನಿನ ರಕ್ತದಲ್ಲಿ ಈ ಎರಡು ನಗರಗಳ ನೆನಪೂ ಬೆರೆತಿದ್ದಿತು.

ಇದರ ಪರಿಣಾಮವು ಎರೆನಾಡಿನಲ್ಲಿ ವಿಚಿತ್ರವಾಗಿತ್ತು. ಶಿವರಾತ್ರಿಯಂದು ಅಹೋರಾತ್ರಿ ಉಪವಾಸ ಜಾಗರಣೆ ಮಾಡುವ ಜನರ ನಡುವೆ, ಅದಕ್ಕಿಂತ ಬಹು ದೀರ್ಘವಾದ ವ್ರತಕಾಲವುಳ್ಳ ಮತವೊಂದರ ಉಪದೇಶಕರು ಉಪವಾಸವನ್ನು ಕಡ್ಡಾಯವೆನ್ನದೆ, ಮನುಷ್ಯನು ದೇವರ ಮುಂದೆ ನೀತಿವಂತನೆಂದು ಎಣಿಸಲ್ಪಡುವುದು ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ಸಾರಿದರು. ತಪಸ್ಸನ್ನು ಕಣ್ಣಿಂದ ಅಳೆಯುವ ನಾಡಿನಲ್ಲಿ ಇದು ಬೋಧಕನ ಹಿರಿಮೆಯನ್ನು ತಗ್ಗಿಸದೆ ಇರದು. ಕರಾವಳಿಯ ಕಥೋಲಿಕರ ಲೆಂಟ್ ಆಚರಣೆಯನ್ನು ಇಲ್ಲಿಯ ಜನ ಹೆಚ್ಚು ಸುಲಭವಾಗಿ ಗುರುತಿಸುತ್ತಿದ್ದರು ಎಂದು ನನಗೆ ತೋರುತ್ತದೆ. ಆದರೆ ಪ್ರಶ್ನೆಯು ಇಷ್ಟಕ್ಕೇ ನಿಲ್ಲುವುದಿಲ್ಲ. ಕ್ರಿಯಾಡಂಬರವನ್ನು ಖಂಡಿಸಿದ ಶರಣರ ವಚನಗಳು ಮನೆಮಾತಾಗಿದ್ದ ಲಿಂಗಾಯತ ಶ್ರೋತೃವಿಗೆ, ಬಾಹ್ಯಾಚಾರದಿಂದ ಮುಕ್ತಿಯಿಲ್ಲ ಎಂಬ ಬೋಧೆಯಲ್ಲಿ ಹೊಸತೇನಿದ್ದಿತು? ಬೀದಿಯ ಉಪದೇಶದಲ್ಲಿ ವಿಗ್ರಹಖಂಡನೆಗೆ ಕೊಟ್ಟ ಪ್ರಾಧಾನ್ಯವು ಇಷ್ಟಲಿಂಗಧಾರಿಗಳ ಊರುಗಳಲ್ಲಿ ಅರ್ಧ ಗುರಿತಪ್ಪಿದ ಬಾಣವಾಗಿತ್ತು.

ನಿಜವಾದ ಮುಖಾಮುಖಿ ನಡೆದುದು ಬೇರೊಂದು ಕಡೆ. 1840ರ ಆಸುಪಾಸಿನಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿಕೊಂಡಿದ್ದ ಲಿಂಗಾಯತರ ಒಂದು ಗುಂಪು ಹುಬ್ಬಳ್ಳಿ ಸೀಮೆಯ ಮಿಷನರಿಗಳ ಸಂಪರ್ಕಕ್ಕೆ ಬಂದು, ತಮ್ಮ ಗ್ರಂಥಗಳ ಭವಿಷ್ಯಕ್ಕೂ ಇವರ ಬೋಧನೆಗೂ ಹೊಂದಾಣಿಕೆಯುಂಟೆಂದು ಭಾವಿಸಿತು. ಕಲ್ಯಾಣವು ಹಾಳಾದ ಬಳಿಕ ವೀರವಸಂತರಾಯನು ಬರುವನು, ಅಳಿದ ಕಲ್ಯಾಣವನ್ನು ಮರಳಿ ಕಟ್ಟುವನು ಎಂಬ ನಿರೀಕ್ಷೆಯು 1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ಚೆನ್ನಬಸವಪುರಾಣದಲ್ಲಿಯೂ ಕೊಡೇಕಲ್ಲಿನ ಪರಂಪರೆಯಲ್ಲಿಯೂ ಬೇರೂರಿ, ಜನರ ಬಾಯಲ್ಲಿ ಹರಿದಾಡುತ್ತಿದ್ದಿತು. ಮಿಷನರಿಗಳಿಗೆ ಇದು ಬಾಗಿಲೇ ತೆರೆದಂತೆ ತೋರಿತು. 1841ರಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಇಂತಹವರಿಗಾಗಿ ಒಂದು ಕೃಷಿನೆಲೆಯನ್ನು ಏರ್ಪಡಿಸಿದರು. ಕಾದಿದ್ದ ಸಮೂಹಪರಿವರ್ತನೆ ಮಾತ್ರ ನಡೆಯಲಿಲ್ಲ.

ಈ ವೈಫಲ್ಯಕ್ಕೆ ಜಾತಿಯ ಬಂಧನವನ್ನೂ ಲೌಕಿಕಾಪೇಕ್ಷೆಯನ್ನೂ ಕಾರಣವಾಗಿ ಹೇಳುವುದು ವಾಡಿಕೆ. ಅವು ಸುಳ್ಳಲ್ಲ. ಆದರೆ ಉಪದೇಶದ ಒಳಹುರುಳನ್ನೇ ನೋಡಿದರೆ ಕಾರಣವು ಇನ್ನೂ ಆಳದಲ್ಲಿದೆ. ಕಾಲಜ್ಞಾನಿಗಳು ಕಾದಿದ್ದುದು ಬರಲಿರುವ ದೊರೆಯನ್ನು. ಬೋಧಕನು ತೋರಿಸಿದುದು ಈಗಾಗಲೇ ಬಂದು ಅಪರಾಧಿಯಂತೆ ಸತ್ತವನನ್ನು. 1518ರ ಹೈಡೆಲ್‌ಬರ್ಗ್ ವಾದದಲ್ಲಿ ಲೂಥರನು ಮಹಿಮೆಯ ದೇವಶಾಸ್ತ್ರವನ್ನು ಶಿಲುಬೆಯ ದೇವಶಾಸ್ತ್ರದಿಂದ ಬೇರ್ಪಡಿಸಿ, ದೇವರು ತನ್ನನ್ನು ಪ್ರಕಟಿಸಿಕೊಂಡುದು ಬಲದಲ್ಲಲ್ಲ, ಸೋಲಿನ ರೂಪದಲ್ಲಿ ಎಂದಿದ್ದನು. ಆ ಬೋಧೆಯನ್ನು ಉಳಿಸಿಕೊಳ್ಳುವುದಾದರೆ ಬೋಧಕನು ಕಾಲಜ್ಞಾನದ ನಿರೀಕ್ಷೆಯನ್ನು ಮೊದಲು ಮುರಿಯಲೇಬೇಕು. ಆ ನಿರೀಕ್ಷೆಯನ್ನು ಉಪಯೋಗಿಸಿಕೊಳ್ಳುವುದಾದರೆ ಈಸ್ಟರನ್ನು ಶುಭ ಶುಕ್ರವಾರದಿಂದ ಕಿತ್ತು, ವಸಂತರಾಯನ ಪಟ್ಟಾಭಿಷೇಕವೆಂಬಂತೆ ಸಾರಬೇಕು. ಮಲ್ಲಸಮುದ್ರದ ಪ್ರಯೋಗವು ಈ ಎರಡರ ನಡುವೆ ತೂಗಾಡಿತು. ಇನ್ನೂ ಒಂದು ತೊಡಕು: ನಂಬಿಕೆಗೆ ಯಾವ ಪ್ರತಿಫಲವೂ ಇಲ್ಲವೆಂದು ಸಾರುವ ಬೋಧೆಯು ಹೊಲವನ್ನೂ ನೇಗಿಲನ್ನೂ ಜೊತೆಗಿಟ್ಟುಕೊಂಡು ಬಂದಾಗ, ಕೇಳುವವನು ಯಾವುದನ್ನು ನಂಬಬೇಕು?

ನರಗುಂದದ ಸೀಮೆಯಲ್ಲಿ ಈ ತೊಡಕಿಗೆ ರಾಜಕೀಯವೂ ಕೂಡಿಕೊಂಡಿತು. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ 12ರಂದು ನರಗುಂದದ ದೊರೆ ಭಾಸ್ಕರರಾವ್ ಭಾವೆಯನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಬಾಸೆಲಿನವರು ಜರ್ಮನರು, ಸ್ವಿಸ್ಸರು, ಆಳರಸರಲ್ಲ. ಆದರೆ ಹಳ್ಳಿಯವನ ಕಣ್ಣಿಗೆ ಬಿಳಿಯ ಮುಖವೆಲ್ಲವೂ ಒಂದೇ. ಪರದೇಶದ ಅಧಿಪತಿಯೊಬ್ಬನ ಆಜ್ಞೆಯಿಂದ ಮರಣದಂಡನೆಗೆ ಗುರಿಯಾದವನೇ ಒಡೆಯನು ಎಂಬ ಕಥೆಯನ್ನು, ತನ್ನ ದೊರೆಯನ್ನು ನೇಣಿಗೆ ಹಾಕಿದವರ ಬಣ್ಣದವನ ಬಾಯಿಂದ ಕೇಳುವುದರಲ್ಲಿ ಎಂತಹ ವಿಪರ್ಯಾಸವಿದೆ! ಪಿಲಾತನ ನ್ಯಾಯಸ್ಥಾನದ ಅಧ್ಯಾಯವನ್ನು ಈ ಸೀಮೆಯಲ್ಲಿ ಓದಿ ವಿವರಿಸುವ ಯಾವ ಬೋಧಕನಿಗೂ, ಅವನು ಅದನ್ನು ಗಮನಿಸಿರಲಿ ಬಿಡಲಿ, ಆ ವಿಪರ್ಯಾಸವು ಎದುರಿಗೆ ಕುಳಿತಿದ್ದಿತು.

ಬೀದಿಯ ಪ್ರಸಂಗಕ್ಕೂ ಸಭೆಯೊಳಗಿನ ಪ್ರಸಂಗಕ್ಕೂ ಇದ್ದ ಅಂತರವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಜಾತ್ರೆಯಲ್ಲಿ ಬಾಧೆಯ ಕಥೆಯು ವಾದದ ಆಯುಧ. ನಿಮ್ಮ ದೇವತೆಗಳಲ್ಲಿ ಯಾರು ನಿಮಗಾಗಿ ಸತ್ತರು ಎಂದು ಕೇಳುವ ಪ್ರಶ್ನೆಯ ಅಲಗು. ಬೆಟಗೇರಿಯ ದೇವಾಲಯದಲ್ಲಿ ಮಗ್ಗದಿಂದೆದ್ದು ಬಂದ ಸಭಿಕರ ಎದುರಿಗೆ ಅದೇ ಕಥೆಯು ಸ್ವಪರೀಕ್ಷೆಯ ಕನ್ನಡಿ. ದೃಢೀಕರಣ ಪಡೆಯಲಿರುವ ಯುವಕರ ಸಿದ್ಧತೆಗೂ ಕರ್ತನ ಭೋಜನಕ್ಕೂ ಅಂಟಿಕೊಂಡುದು. 1519ರ ಪ್ರಸಂಗದ ಒರೆಗಲ್ಲಿಗೆ ತಿಕ್ಕಿದರೆ ಜಾತ್ರೆಯ ಉಪದೇಶವು ಅನ್ಯರನ್ನು ಶಪಿಸುವ ಮೊದಲನೆಯ ಗುಂಪಿಗೇ ಸೇರುತ್ತದೆಯೆಂದು ಹೇಳದೆ ವಿಧಿಯಿಲ್ಲ. ಲೂಥರನನ್ನು ಹೆಚ್ಚಾಗಿ ಓದಿದವರೇ ಅವನಿಂದ ಹೆಚ್ಚು ದೂರ ಸರಿದುದು ಬಯಲಿನಲ್ಲಿ.

ಇದನ್ನು ಒಳಗಿಂದೊಳಗೇ ಅರಿತವರೂ ಇದ್ದರು. ಮೋಗ್ಲಿಂಗ್‌ನು 1848ರಿಂದ 1853ರವರೆಗೆ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದನು. ವುರ್ತ್ ಪಾದ್ರಿಯು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ಸಂಗ್ರಹಿಸಿ ಕೊಟ್ಟನು. ಎದುರಾಳಿಯ ಗ್ರಂಥವನ್ನು ತಿಳಿಯುವ ಉದ್ದೇಶದಿಂದ ತೊಡಗಿದ ಈ ವ್ಯಾಸಂಗವು, ಎದುರಿಗಿರುವವನು ಎದುರಾಳಿಯೇ ಎಂಬ ಭಾವನೆಯನ್ನೇ ಮೆಲ್ಲನೆ ಸಡಿಲಿಸಿತು. ಎಲ್ಲರಿಗಿಂತ ಮುಂದೆ ಹೋದವನು ಫರ್ಡಿನಾಂಡ್ ಕಿಟ್ಟೆಲ್. 1862ರಲ್ಲಿ ಪ್ರಕಟವಾದ ಕಥಾಮಾಲೆಯಲ್ಲಿ ಅವನು ಕ್ರಿಸ್ತಚರಿತ್ರೆಯನ್ನು ಕನ್ನಡ ಪದ್ಯಗಳಾಗಿ ರಚಿಸಿದನು. ಹತ್ತು ವರ್ಷಗಳ ತರುವಾಯ ಯಜ್ಞವನ್ನು ಕುರಿತ ಪುಸ್ತಿಕೆಯಲ್ಲಿ ವೇದದ ಬಲಿಕರ್ಮವನ್ನೂ ಕ್ರಿಸ್ತನ ಬಲಿದಾನವನ್ನೂ ಒಟ್ಟಿಗೆ ಇರಿಸಿ ಚರ್ಚಿಸಿದನು. ಪುಸ್ತಿಕೆಗಿಂತ ಪದ್ಯಗಳೇ ಮೇಲು ಎಂಬುದು ನನ್ನ ಅಭಿಪ್ರಾಯ. ಯಜ್ಞದ ಚರ್ಚೆಯು ಪಂಡಿತನನ್ನು ಉದ್ದೇಶಿಸಿದುದು. ಬಲಿಯನ್ನೇ ಒಲ್ಲದ ಲಿಂಗಾಯತ ರೈತನಿಗೆ ಅದು ಅಪ್ರಸ್ತುತ. ಪದ್ಯವಾದರೋ, ಪುರಾಣ ಕೇಳಿ ಬಲ್ಲವನ ಕಿವಿಗೆ ವಾದವಿಲ್ಲದೆ ತಲುಪುವುದು. ಮುಂದೆ ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿದ ವಿದ್ವಾಂಸನು ಮೊದಲು ಆ ಛಂದಸ್ಸಿನಲ್ಲಿ ಕೈ ಪಳಗಿಸಿಕೊಂಡುದು ಬಾಧೆಯ ಕಥೆ ಹೇಳುವುದಕ್ಕಾಗಿ ಎಂಬುದನ್ನು ಕನ್ನಡ ಭಾಷಾಶಾಸ್ತ್ರದ ಚರಿತ್ರಕಾರರು ಅಷ್ಟಾಗಿ ನೆನೆಯುವುದಿಲ್ಲ.

ಲೆಂಟ್ ಕಾಲದ ಪಾಠಗಳಲ್ಲಿ ಈ ನೆಲಕ್ಕೆ ಅತ್ಯಂತ ಸಮೀಪವಾದುದು ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದ ಕಾಳಿನ ದೃಷ್ಟಾಂತ: ನೆಲಕ್ಕೆ ಬಿದ್ದು ಸಾಯದ ಕಾಳು ಒಂಟಿಯಾಗಿಯೇ ಉಳಿಯುವುದೆಂಬ ಮಾತು. ಮೂಲದಲ್ಲಿ ಗೋದಿ, ಎರೆಬಯಲಿನಲ್ಲಿ ಗೋದಿಯೂ ಉಂಟು, ಬಿಳಿಜೋಳವೂ ಉಂಟು. ಶಿರೋಳದ ರೈತನು ಮುಂಗಾರಿಗೆ ಹೊಲವನ್ನು ಹದಗೊಳಿಸಿ, ಹಿಂಗಾರಿಗೆ ಕೂರಿಗೆಯಿಂದ ಬಿತ್ತಿ, ಅನಂತರ ಮಳೆಯಿಲ್ಲದೆ ನೆಲದ ಹಸಿಯೊಂದನ್ನೇ ನೆಚ್ಚಿ ಬೆಳೆಯುವ ಜೋಳವನ್ನು ಲೆಂಟ್ ಕಾಲದಲ್ಲಿ ರಾಶಿ ಮಾಡುತ್ತಾನೆ. ಮುಂದಿನ ಬಿತ್ತನೆಗೆ ಒಳ್ಳೆಯ ತೆನೆಗಳನ್ನು ಆಗಲೇ ಆರಿಸಿ ತೆಗೆದಿಡುತ್ತಾನೆ. ಉಣ್ಣಬಹುದಾದ ಕಾಳನ್ನು ಉಣ್ಣದೆ ಮಣ್ಣಿಗೆ ಕೊಡಲು ಎತ್ತಿಡುವ ಆ ಕೆಲಸದಲ್ಲಿ, ಕಾಣದುದರ ಮೇಲಿನ ಭರವಸೆಯೆಂಬ ಲೂಥರನ ನಂಬಿಕೆಯ ಸ್ವರೂಪವು ಕಣದಲ್ಲಿಯೇ ದೊರೆಯುತ್ತದೆ. ವಿಗ್ರಹವಾದಕ್ಕೆ ವೆಚ್ಚವಾದ ಶ್ರಮದಲ್ಲಿ ಹತ್ತರಲ್ಲೊಂದು ಪಾಲು ಈ ದೃಷ್ಟಾಂತದ ಮೇಲೆ ವ್ಯಯವಾಗಿದ್ದರೆ ಫಲವು ಬೇರೆಯಾಗಬಹುದಾಗಿತ್ತು.

1914ರಲ್ಲಿ ಮಹಾಯುದ್ಧ ತೊಡಗಿದ ಮೇಲೆ ಜರ್ಮನ್ ಬೋಧಕರು ಬಂಧನಕ್ಕೊಳಗಾಗಿ ದೇಶ ಬಿಟ್ಟರು. ಉಪದೇಶಪೀಠದ ಭಾರವು ದೇಶೀಯ ಸಭಾಪಾಲಕರ ಹೆಗಲಿಗೆ ಬಂದಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ರೂಪುಗೊಂಡಿತು. ಧಾರವಾಡವನ್ನು ಕೇಂದ್ರವಾಗುಳ್ಳ ಉತ್ತರ ಸಭಾಪ್ರಾಂತವು 1970ರಲ್ಲಿ ಏರ್ಪಟ್ಟಿತು. ಐಕ್ಯದ ಲಾಭಗಳು ಹಲವು. ಆದರೆ ಬಾಧೆಯ ಉಪದೇಶದ ಕ್ರಮದಲ್ಲಿ ಅದು ತಂದ ಬದಲಾವಣೆಯು ಸಣ್ಣದಲ್ಲ. ನಾಲ್ಕು ಸುವಾರ್ತೆಗಳನ್ನೂ ಹೆಣೆದು ಒಂದೇ ಬಾಧಾಚರಿತ್ರೆಯಾಗಿ ಲೆಂಟ್ ಕಾಲದುದ್ದಕ್ಕೂ ಓದಿ ಪ್ರಸಂಗಿಸುವುದು ಜರ್ಮನ್ ಲೂಥರನರ ಪದ್ಧತಿ. ಇಂದು ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ, ಶಿಲುಬೆಯ ಏಳು ಮಾತುಗಳನ್ನು ಏಳು ಮಂದಿಗೆ ಹಂಚಿ ಪ್ರಸಂಗ ಮಾಡಿಸುವ ಆರಾಧನೆಯೇ ಸಭೆಗಳಲ್ಲಿ ರೂಢಿ. ಇದರ ಮೂಲವು ವಿಟೆನ್‌ಬರ್ಗಿನಲ್ಲಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಪೆರು ದೇಶದ ಲಿಮಾ ನಗರದ ಜೆಸುಯಿಟ್ ಪಾದ್ರಿ ಅಲೊನ್ಸೊ ಮೆಸಿಯಾ ರೂಢಿಗೆ ತಂದ ಭಕ್ತಿಕ್ರಮವಿದು. ಆಂಗ್ಲಿಕನ್ ಸಭೆಯ ಮೂಲಕ ಇಲ್ಲಿಗೂ ಬಂದಿತು. ಏಳು ಬೋಧಕರಲ್ಲಿ ಸ್ತ್ರೀಯರೂ ಯುವಕರೂ ಇರುವುದು ಇದರ ದೊಡ್ಡ ಗುಣ. ಅಯ್ಯನವರೊಬ್ಬರ ಕಂಠವೇ ಕೇಳುತ್ತಿದ್ದ ಪೀಠದಿಂದ ಸಭೆಯ ಕಂಠವೇ ಕೇಳತೊಡಗಿತು. ಆದರೆ ಒಬ್ಬೊಬ್ಬರಿಗೂ ಒಂದೊಂದೇ ವಾಕ್ಯ ದೊರೆತು ಕಥೆಯ ಎಳೆ ತುಂಡಾಗುವುದರಿಂದ, ಶ್ರೋತೃವನ್ನು ಭೀತಿಯಿಂದ ಬಿಡುಗಡೆಯವರೆಗೆ ಒಂದೇ ಉಸಿರಿನಲ್ಲಿ ನಡೆಸಿಕೊಂಡು ಹೋಗುವ 1519ರ ಕ್ರಮಕ್ಕೆ ಅಲ್ಲಿ ಎಡೆ ಸಾಲದು. ಏಳನೆಯ ಬೋಧಕನು ಮುಗಿಸುವ ಹೊತ್ತಿಗೆ ಈಸ್ಟರಿನ ಪ್ರಸ್ತಾಪವನ್ನು ಭಾನುವಾರದ ಪ್ರಸಂಗಕ್ಕೆ ಬಿಟ್ಟುಕೊಡಬೇಕಾಗುತ್ತದೆ.